ಕೆರೆಯಲ್ಲಿ ಮುಳುಗಿದ ಆ ಹಕ್ಕಿ ಯಾವುದು? ಗುರುತು ಹಿಡಿಯುವ ಕ್ರಮ, ಹಂತ ಹಂತವಾಗಿ

ಕೆರೆ ಏರಿಯ ಮೇಲೆ ನಿಂತು ಮೊಬೈಲಿನಲ್ಲಿ ತೆಗೆದ ಫೋಟೋ. ತುಂಬಾ ನೀರು, ನಡುವೆ ಒಂದು ಕಪ್ಪು ಚುಕ್ಕೆ. ಜೊತೆಗೆ ಒಂದು ಪ್ರಶ್ನೆ: "ಇದು ಯಾವ ಹಕ್ಕಿ? ಬುಳಕ್ ಅಂತ ಮುಳುಗಿತು, ಆಮೇಲೆ ಕಾಣಲೇ ಇಲ್ಲ."

ಗೆಳೆಯರು, ನೆಂಟರು, ಕೆರೆ ಸುತ್ತ ವಾಕಿಂಗ್ ಬರುವವರು, ಎಲ್ಲರಿಂದಲೂ ಇಂಥ ಫೋಟೋ ಬರುತ್ತಲೇ ಇರುತ್ತವೆ. ನಾನು ತಿರುಗಿ ಕೇಳುವುದು ನಾಲ್ಕೇ ಪ್ರಶ್ನೆ. ಹಕ್ಕಿ ಗಾಳಿಯಿಂದ ಧುಮುಕಿತಾ, ಇಲ್ಲಾ ಈಜುತ್ತಾ ಇದ್ದದ್ದು ಮುಳುಗಿತಾ? ಎಷ್ಟು ಹೊತ್ತು ಒಳಗಿತ್ತು? ಎಲ್ಲಿ ಮೇಲೆದ್ದಿತು? ಮೇಲೆ ಬಂದಾಗ ಮೈ ಎಷ್ಟು ಕಾಣುತ್ತಿತ್ತು? ಬಹಳ ಸಲ ಉತ್ತರ ಒಂದೇ: "ಅದೆಲ್ಲ ನೋಡಲಿಲ್ಲ. ಕಪ್ಪಗಿತ್ತು."

ಕಪ್ಪಗಿತ್ತು ಅನ್ನುವುದರಿಂದ ಏನೂ ತಿಳಿಯುವುದಿಲ್ಲ. ಒದ್ದೆಯಾದ ಹಕ್ಕಿ, ಎದುರು ಬಿಸಿಲು, ದೂರದ ನೀರು ಮೂರೂ ಸೇರಿದರೆ ಕಂದು ಹಕ್ಕಿಯೂ ಕಪ್ಪು, ಹಸಿರು ಹಕ್ಕಿಯೂ ಕಪ್ಪು. ಆದರೆ ಮುಳುಗುವ ರೀತಿಯನ್ನು ಬೆಳಕು ಕೆಡಿಸುವುದಿಲ್ಲ. ಅದಕ್ಕೇ ಕೆಳಗಿನ ಹಂತಗಳಲ್ಲಿ ಬಣ್ಣ ಕೊನೆಗೆ ಬರುತ್ತದೆ. ದಯವಿಟ್ಟು ಈ ಕ್ರಮವನ್ನು ಬದಲಿಸಬೇಡಿ. ಎಡವುವವರಲ್ಲಿ ಹೆಚ್ಚಿನವರು ಎಡವುವುದು ಕ್ರಮದಲ್ಲೇ.

ಇಲ್ಲಿ ಹೇಳಿರುವುದು ನಮ್ಮ ಒಳನಾಡಿನ ಕೆರೆ ಮತ್ತು ಹಿನ್ನೀರುಗಳಿಗೆ. ಮೈಸೂರಿನ ಕುಕ್ಕರಹಳ್ಳಿ ಕೆರೆ, ಬೆಂಗಳೂರಿನ ಹೆಬ್ಬಾಳ, ಕಬಿನಿ ಹಿನ್ನೀರು, ನಿಮ್ಮೂರ ಹೊರಗಿನ ಹೆಸರಿಲ್ಲದ ಕೆರೆ, ಎಲ್ಲಕ್ಕೂ ನಡೆಯುತ್ತದೆ. ಸಮುದ್ರ ತೀರದ ಲೆಕ್ಕ ಬೇರೆ.

## ಹೊರಡುವ ಮುಂಚೆ: ಬೇಕಾದ ಸಾಮಾನು

ಬೈನಾಕ್ಯುಲರ್ ಇದ್ದರೆ ಕೆಲಸ ಅರ್ಧ ಮುಗಿದಂತೆ. ಕೊಳ್ಳುವುದಾದರೆ 8x42 ಅಂತ ಬರೆದಿರುವುದನ್ನು ತೆಗೆದುಕೊಳ್ಳಿ. 8 ಅಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, 42 ಅಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. 12 ಪಟ್ಟು, 20 ಪಟ್ಟಿನದು ಇನ್ನೂ ಒಳ್ಳೆಯದು ಅಂತ ಅಂಗಡಿಯಲ್ಲಿ ಹೇಳಬಹುದು. ಮುಳುಗುವ ಹಕ್ಕಿಗೆ ಅದು ಬೇಡ. ಕೈ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ, ಕಾಣುವ ನೀರಿನ ಅಗಲ ಕಡಿಮೆಯಾಗುತ್ತದೆ. ಹಕ್ಕಿ ಇನ್ನೊಂದು ಕಡೆ ಎದ್ದಾಗ ಹುಡುಕುವುದರಲ್ಲೇ ಮತ್ತೆ ಮುಳುಗಿರುತ್ತದೆ.

ಬೈನಾಕ್ಯುಲರ್ ಇದ್ದೂ ಮಸುಕಾಗಿ ಕಾಣುತ್ತದೆ ಅನ್ನುವವರು ಇದನ್ನು ಮಾಡಿ. ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ದೂರದ ಒಂದು ಬೋರ್ಡ್ ನೋಡುತ್ತಾ ನಡುವಿನ ಚಕ್ರ ತಿರುಗಿಸಿ, ಅಕ್ಷರ ಸ್ಪಷ್ಟವಾಗುವವರೆಗೆ. ಈಗ ಎಡಗಣ್ಣು ಮುಚ್ಚಿ. ಬಲಗಣ್ಣಿನ ಹತ್ತಿರ ಒಂದು ಬಳೆಯಂಥದ್ದು ಇರುತ್ತದೆ, ಅದನ್ನು ಮಾತ್ರ ತಿರುಗಿಸಿ ಅದೇ ಬೋರ್ಡನ್ನು ಸ್ಪಷ್ಟ ಮಾಡಿಕೊಳ್ಳಿ. ಆ ಬಳೆಯನ್ನು ಆಮೇಲೆ ಮುಟ್ಟಬೇಡಿ. ಕನ್ನಡಕ ಹಾಕುವವರು ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಮಡಚಿ ಅಥವಾ ಒಳಗೆ ತಿರುಗಿಸಿ ಇಟ್ಟುಕೊಳ್ಳಿ.

ಉಳಿದದ್ದು ಸಣ್ಣ ಸಾಮಾನು. ಜೇಬಿಗೆ ಹಿಡಿಸುವ ಪುಸ್ತಕ, ಪೆನ್ಸಿಲ್, ಚಾರ್ಜ್ ಇರುವ ಮೊಬೈಲ್. ಬೈನಾಕ್ಯುಲರ್ ಇಲ್ಲದಿದ್ದರೂ ಹೋಗಿ. ಮುಂದಿನ ಹಂತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬರಿಗಣ್ಣಿನ ಕೆಲಸ.

## ಹಂತ 1: ಬಿಸಿಲನ್ನು ಬೆನ್ನಿಗೆ ಹಾಕಿಕೊಂಡು ನಿಲ್ಲಿ

ಬೆಳಿಗ್ಗೆ ಕೆರೆಯ ಪೂರ್ವ ದಡದಲ್ಲಿ ನಿಂತು ಪಶ್ಚಿಮಕ್ಕೆ ನೋಡಿ. ಸಂಜೆ ಪಶ್ಚಿಮ ದಡದಲ್ಲಿ ನಿಂತು ಪೂರ್ವಕ್ಕೆ. ಎದುರು ದಡಕ್ಕೆ ಹೋದರೆ ಅದೇ ಹಕ್ಕಿ ಬರೀ ನೆರಳಿನ ಹಾಗೆ ಕಾಣುತ್ತದೆ. ಗೇಟು ಯಾವ ಕಡೆ ಇದೆಯೋ ಆ ಕಡೆಯೇ ನಿಂತುಬಿಡುವುದು ಮೊದಲ ತಪ್ಪು.

ಹೊತ್ತು ಹುಟ್ಟಿದಾಗಿನಿಂದ ಎರಡು ಮೂರು ಗಂಟೆ ಒಳ್ಳೆಯ ಸಮಯ. ಗಾಳಿ ಕಡಿಮೆ, ನೀರು ನಯವಾಗಿರುತ್ತದೆ. ನೀರು ನಯವಾಗಿದ್ದರೆ ಮುಳುಗಿದ ಜಾಗದ ಅಲೆ ಉಂಗುರ ಉಂಗುರವಾಗಿ ಕಾಣುತ್ತದೆ. ಮಧ್ಯಾಹ್ನದ ಗಾಳಿಯಲ್ಲಿ ಪ್ರತಿ ಅಲೆಯೂ ಹಕ್ಕಿಯ ಹಾಗೆಯೇ ಕಂಡು ಮೋಸವಾಗುತ್ತದೆ.

ನಿಂತ ಮೇಲೆ ಹತ್ತು ನಿಮಿಷ ಸುಮ್ನೆ ನಿಲ್ಲಿ. ದಡದ ಉದ್ದಕ್ಕೂ ಓಡಾಡಬೇಡಿ. ನೀವು ಬಂದದ್ದಕ್ಕೆ ದೂರ ಸರಿದ ಹಕ್ಕಿಗಳು ಆಗ ಮತ್ತೆ ತಮ್ಮ ಕೆಲಸಕ್ಕೆ ಇಳಿಯುತ್ತವೆ.

## ಹಂತ 2: ಮುಳುಗಿದ್ದು ಹಕ್ಕಿಯೇ ಅಂತ ಖಾತ್ರಿ ಮಾಡಿಕೊಳ್ಳಿ

ಇದು ಒಂದು ನಿಮಿಷದ ಕೆಲಸ, ಆದರೆ ಬಿಡಬೇಡಿ. ಆಮೆ ಮೂಗು ಮಾತ್ರ ಮೇಲೆತ್ತಿ ಇಳಿಯುತ್ತದೆ. ನೀರುಹಾವು ತಲೆ ಎತ್ತಿ ಈಜುವಾಗ ಹಿಂದೆ ಮೈಯ ಅಲೆ ಅಂಕುಡೊಂಕಾಗಿ ಬರುತ್ತದೆ. ದೊಡ್ಡ ಮೀನು ಹೊರಳಿದರೆ ಸದ್ದು ದೊಡ್ಡದು, ಆಮೇಲೆ ಏನೂ ಇಲ್ಲ. ಕಾವೇರಿ, ಕಬಿನಿ ಕಡೆಯ ನೀರಿನಲ್ಲಿ ನೀರುನಾಯಿಗಳೂ ಇವೆ, ಅವು ಗುಂಪಾಗಿ ಏಳುತ್ತಾ ಮುಳುಗುತ್ತಾ ಹೋಗುತ್ತವೆ.

ಒಮ್ಮೆ ಕುಕ್ಕರಹಳ್ಳಿಯಲ್ಲಿ ಒಬ್ಬ ಹುಡುಗ ಅಪ್ಪನ ಕೈ ಜಗ್ಗಿ "ಹಾವು, ಹಾವು" ಅಂತ ತೋರಿಸುತ್ತಿದ್ದ. ನೀರಿನಿಂದ ಒಂದು ಅಡಿ ಎದ್ದ ತೆಳ್ಳನೆ ಕುತ್ತಿಗೆ, ಅತ್ತಿತ್ತ ತಿರುಗುತ್ತಿತ್ತು. ಅದು ಹಾವಕ್ಕಿ. ಹಕ್ಕಿಗೆ ಹೆಸರಿಟ್ಟವರು ಕಂಡದ್ದನ್ನೇ ಆ ಹುಡುಗನೂ ಕಂಡಿದ್ದ. ತುದಿಯಲ್ಲಿ ಭರ್ಜಿಯಂಥ ಕೊಕ್ಕು ಇದೆಯಾ ನೋಡಿ, ಅನುಮಾನ ಹೋಗುತ್ತದೆ.

## ಹಂತ 3: ಗಾಳಿಯಿಂದಲೋ, ನೀರಿನ ಮೇಲಿಂದಲೋ?

ಮುಖ್ಯವಾದ ಹಂತ ಇದೇ. ಬೇರೆ ಏನನ್ನೂ ನೋಡಲು ಆಗದಿದ್ದರೂ ಇದನ್ನು ನೋಡಿ.

ಹಾರುತ್ತಿದ್ದ ಅಥವಾ ಕೊಂಬೆ, ತಂತಿ, ಕಂಬದ ಮೇಲೆ ಕೂತಿದ್ದ ಹಕ್ಕಿ ನೀರಿಗೆ ಬಿದ್ದು ಕೂಡಲೇ ಎದ್ದುಹೋದರೆ ಅದು ಧುಮುಕುವ ಗುಂಪು: ಮಿಂಚುಳ್ಳಿ, ರೀವ (ಟರ್ನ್), ಮೀನು ಹಿಡಿಯುವ ಬೇಟೆ ಹಕ್ಕಿ ಆಸ್ಪ್ರೆ. ನೀರಿನ ಮೇಲೆ ತೇಲುತ್ತಿದ್ದ ಹಕ್ಕಿ ತಲೆ ಬಗ್ಗಿಸಿ ಒಳಗೆ ಹೋದರೆ ಅದು ಮುಳುಗುವ ಗುಂಪು: ಗುಳುಮುಳುಕ, ನಾಮದ ಕೋಳಿ, ನೀರುಕಾಗೆ, ಹಾವಕ್ಕಿ, ಕೆಲವು ಬಾತುಗಳು. ಒಂದು ಗುಂಪಿನ ಹಕ್ಕಿ ಇನ್ನೊಂದರಲ್ಲಿ ಸಿಗುವುದಿಲ್ಲ. ಹಾಗಾಗಿ ಈ ಒಂದು ಉತ್ತರಕ್ಕೆ ಪಟ್ಟಿಯ ಅರ್ಧ ಭಾಗ ಕಳಚಿಬೀಳುತ್ತದೆ.

ಮೂರನೆಯದೂ ಒಂದು ಇದೆ, ಮುಳುಗಿದ ಹಾಗೆ ಕಾಣುವುದು. ವರಟೆ, ಚಲುಕ ಬಾತು ಇವು ತಲೆ ಕೆಳಗೆ ಮಾಡಿ ಬಾಲ ಮೇಲೆತ್ತಿ ನಿಲ್ಲುತ್ತವೆ. ಬಾಲ ನೀರಿನ ಮೇಲೆಯೇ ಇರುತ್ತದೆ. ಹೆಜ್ಜಾರ್ಲೆ ಕೊಕ್ಕು, ತಲೆ ಅದ್ದಿ ಮೇಲೆತ್ತುತ್ತದೆ. ಮೈ ಪೂರ್ತಿ ಕಾಣೆಯಾಗದಿದ್ದರೆ ಅದನ್ನು ಮುಳುಗುವುದು ಅಂತ ಬರೆದುಕೊಳ್ಳಬೇಡಿ.

## ಹಂತ 4: ನೀರಿನ ಮೇಲಿಂದ ಮುಳುಗಿದ್ದರೆ, ಎಣಿಸಿ

ಹಕ್ಕಿ ಒಳಗೆ ಹೋದ ಕೂಡಲೇ ಬೈನಾಕ್ಯುಲರ್ ಕೆಳಗಿಳಿಸಿ. ಮನಸ್ಸಿನಲ್ಲೇ ಒಂದು, ಎರಡು, ಮೂರು ಅಂತ ಸೆಕೆಂಡು ಎಣಿಸುತ್ತಾ ಬರಿಗಣ್ಣಿನಿಂದ ಅಗಲವಾಗಿ ನೀರನ್ನು ನೋಡಿ. ಮುಳುಗಿದ ಜಾಗವನ್ನೇ ದಿಟ್ಟಿಸುತ್ತಾ ನಿಲ್ಲುವುದು ಎರಡನೆಯ ದೊಡ್ಡ ತಪ್ಪು. ಹಕ್ಕಿ ಇಪ್ಪತ್ತು ಅಡಿ ಆಚೆ ಎದ್ದಿರುತ್ತದೆ, ನೀವು ಅಲೆ ಉಂಗುರವನ್ನು ನೋಡುತ್ತಾ ಇರುತ್ತೀರಿ.

ಗುಳುಮುಳುಕ. ನಮ್ಮ ಕೆರೆಗಳಲ್ಲಿ "ಮುಳುಗಿ ಕಾಣೆಯಾಯಿತು" ಅನ್ನುವ ದೂರು ಬಂದರೆ ಮೊದಲು ಇದನ್ನೇ ಅನುಮಾನಿಸಿ. ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪಿನಲ್ಲಿ ಲಿಟಲ್ ಗ್ರೀಬ್ ಅಂತ ಹುಡುಕಿ. ಗೊರವಂಕಕ್ಕಿಂತ ತುಸು ದೊಡ್ಡದು, ದುಂಡಗೆ, ಬಾಲವೇ ಇಲ್ಲದ ಹಾಗೆ. ಹಿಂಭಾಗ ಹತ್ತಿಯ ಉಂಡೆಯ ಹಾಗೆ ಉಬ್ಬಿರುತ್ತದೆ. ಸಾಮಾನ್ಯವಾಗಿ 10ರಿಂದ 25 ಸೆಕೆಂಡು ಒಳಗಿದ್ದು, ಬೇರೆಯೇ ಜಾಗದಲ್ಲಿ ಏಳುತ್ತದೆ. ಹೆದರಿದರೆ ಕಳೆಯ ನಡುವೆ ಕೊಕ್ಕು, ತಲೆ ಮಾತ್ರ ಹೊರಗಿಟ್ಟು ಅವಿತುಕೊಳ್ಳುತ್ತದೆ. "ಕಾಣಲೇ ಇಲ್ಲ" ಅನ್ನುವುದಕ್ಕೆ ಕಾರಣ ಇದು. ಕುದುರೆ ಕೆನೆದ ಹಾಗೆ ನಡುಗುವ ಉದ್ದನೆಯ ಕೂಗು ಕೇಳಿಸಿದರೆ ಖಚಿತ.

ಇದನ್ನು "ಬಾತಿನ ಮರಿ" ಅಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಮರಿಗಳು ತಾಯಿಯ ಹತ್ತಿರ ಗುಂಪಾಗಿ ಇರುತ್ತವೆ. ಒಂದೇ ಒಂದು "ಬಾತಿನ ಮರಿ" ಕೆರೆಯ ನಡುವೆ ತಾನೇ ಮುಳುಗುತ್ತಾ ಏಳುತ್ತಾ ಇದ್ದರೆ ಅದು ಬೆಳೆದ ಗುಳುಮುಳುಕ. ಕೊಕ್ಕು ನೋಡಿ. ಬಾತಿನದು ಚಪ್ಪಟೆ, ಇದರದು ಗಿಡ್ಡ, ಚೂಪು.

ನಾಮದ ಕೋಳಿ. ಕಪ್ಪು ಮೈ, ಹಣೆಯ ಮೇಲೆ ಬಿಳಿ ನಾಮ. ಇದರ ಮೈ ಹಗುರ, ಒಳಗೆ ಹೋಗಲು ಕಷ್ಟಪಡುತ್ತದೆ. ಅದಕ್ಕೇ ಮುಳುಗುವ ಮುಂಚೆ ಚಿಕ್ಕದೊಂದು ಕುಪ್ಪಳಿಕೆ ಇರುತ್ತದೆ. ಸ್ವಲ್ಪ ಹೊತ್ತಿಗೇ ಬೆಂಡಿನ ಹಾಗೆ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಚಿಮ್ಮಿ ಏಳುತ್ತದೆ. ಬಾಯಲ್ಲಿ ಹೆಚ್ಚಾಗಿ ನೀರಿನ ಕಳೆ, ಮೀನಲ್ಲ. ಎಷ್ಟೋ ಸಲ ನಾಮ ಕಾಣದಷ್ಟು ದೂರದಲ್ಲಿದ್ದಾಗಲೂ ಆ ಕುಪ್ಪಳಿಕೆಯಿಂದಲೇ ಹೇಳಿಬಿಡಬಹುದು.

ನೀರುಕಾಗೆ. ಈಜುವಾಗ ಮೈ ಅರ್ಧ ನೀರಿನಲ್ಲಿ ಮುಳುಗೇ ಇರುತ್ತದೆ, ಬೆನ್ನಿನ ಮೇಲೆ ನೀರು ಹರಿಯುವಷ್ಟು. ಕೊಕ್ಕನ್ನು ತುಸು ಮೇಲಕ್ಕೆ ಎತ್ತಿ ಹಿಡಿದಿರುತ್ತದೆ. ಸಣ್ಣ ಜಿಗಿತದೊಂದಿಗೆ ಒಳಗೆ ಹೋಗುತ್ತದೆ. ಮೇಲೆ ಬಂದಾಗ ಮೀನು ಕೊಕ್ಕಿನಲ್ಲಿ ಅಡ್ಡ ಕಚ್ಚಿರುತ್ತದೆ, ಯಾಕೆಂದರೆ ಕೊಕ್ಕಿನ ತುದಿ ಕೊಕ್ಕೆಯ ಹಾಗೆ ಬಾಗಿದೆ. ಮುಗಿದ ಮೇಲೆ ಬಂಡೆ ಅಥವಾ ಒಣಮರದ ಮೇಲೆ ರೆಕ್ಕೆ ಬಿಚ್ಚಿ ಒಣಗಿಸುತ್ತದೆ.

ಹಾವಕ್ಕಿ. ನೀರುಕಾಗೆಗಿಂತ ಇನ್ನೂ ಆಳಕ್ಕೆ ಇಳಿದು ಈಜುತ್ತದೆ. ಹೆಚ್ಚು ಹೊತ್ತು ಮೈ ಕಾಣುವುದೇ ಇಲ್ಲ, ಕುತ್ತಿಗೆ ಮಾತ್ರ. ಜಿಗಿಯುವುದಿಲ್ಲ, ಸದ್ದಿಲ್ಲದೆ ಇಳಿದುಹೋಗುತ್ತದೆ. ಕೊಕ್ಕು ನೇರ, ಚೂಪು, ತುದಿಯಲ್ಲಿ ಕೊಕ್ಕೆ ಇಲ್ಲ. ಮೀನನ್ನು ಕಚ್ಚುವ ಬದಲು ಚುಚ್ಚುತ್ತದೆ. ಮೇಲೆ ಬಂದು ಮೀನನ್ನು ಗಾಳಿಗೆ ಎಸೆದು, ತಲೆ ಮುಂದಾಗಿ ಬರುವಂತೆ ಹಿಡಿದು ನುಂಗುತ್ತದೆ. ಇದೂ ರೆಕ್ಕೆ ಒಣಗಿಸುತ್ತದೆ. ಆದ್ದರಿಂದ "ರೆಕ್ಕೆ ಬಿಚ್ಚಿ ಕೂತಿದೆ, ಹಾಗಾದರೆ ನೀರುಕಾಗೆ" ಅಂತ ತೀರ್ಮಾನಿಸಬೇಡಿ. ಬೆನ್ನಿನ ಮೇಲೆ ಬೆಳ್ಳಿ ಗೀರುಗಳಿದ್ದು, ಕುತ್ತಿಗೆ ನಡುವೆ ಮುರಿದ ಹಾಗೆ ಬಾಗಿದ್ದರೆ ಹಾವಕ್ಕಿ.

ಬಾತುಗಳು. ಚಳಿಗಾಲದಲ್ಲಿ ವಲಸೆ ಬರುವ ಪೋಚಾರ್ಡ್, ಟಫ್ಟೆಡ್ ಡಕ್ ಪೂರ್ತಿ ಮುಳುಗುತ್ತವೆ. ನಮ್ಮಲ್ಲೇ ಇರುವ ಸಿಳ್ಳೆ ಬಾತು ಕೂಡ ಆಗಾಗ ಮುಳುಗುತ್ತದೆ. ತೇಲುವಾಗ ಬಾಲ ನೀರಿಗೆ ತಾಗುವ ಹಾಗಿದ್ದರೆ ಮುಳುಗುವ ಬಾತು, ಬಾಲ ಎತ್ತಿದ್ದರೆ ತಲೆ ಅದ್ದುವ ಬಾತು. ಗಂಡು ಪೋಚಾರ್ಡಿನ ತಲೆ ಇಟ್ಟಿಗೆ ಕೆಂಪು, ಎದೆ ಕಪ್ಪು, ಮೈ ಬೂದು. ಗಂಡು ಟಫ್ಟೆಡ್ ಡಕ್ ಕಪ್ಪು, ಪಕ್ಕೆ ಮಾತ್ರ ಅಚ್ಚ ಬಿಳಿ, ಕಣ್ಣು ಹಳದಿ, ತಲೆಯ ಹಿಂದೆ ಜೋತುಬಿದ್ದ ಜುಟ್ಟು.

## ಹಂತ 5: ಗಾಳಿಯಿಂದ ಧುಮುಕಿದ್ದರೆ, ಮುಂಚಿನ ಕ್ಷಣ ಮುಖ್ಯ

ಇಲ್ಲಿ ಎಣಿಸುವುದು ಬೇಡ. ಧುಮುಕುವ ಮುಂಚೆ ಎಲ್ಲಿತ್ತು, ಮೊದಲು ನೀರಿಗೆ ತಾಗಿದ್ದು ಕೊಕ್ಕೋ ಕಾಲೋ, ಈ ಎರಡು ಸಾಕು.

ಕಾಲು ಮೊದಲು ತಾಗಿದರೆ ಬೇಟೆ ಹಕ್ಕಿ. ಚಳಿಗಾಲಕ್ಕೆ ಬರುವ ಆಸ್ಪ್ರೆ ಗಾಳಿಯಲ್ಲಿ ರೆಕ್ಕೆ ಬಡಿಯುತ್ತಾ ಒಂದು ಕ್ಷಣ ನಿಂತು, ಕಾಲು ಮುಂದೆ ಚಾಚಿ ಧೊಪ್ಪನೆ ಬೀಳುತ್ತದೆ. ಎಷ್ಟೋ ಸಲ ರೆಕ್ಕೆಯವರೆಗೂ ಮುಳುಗುತ್ತದೆ. ಎದ್ದು ಹಾರುತ್ತಲೇ ಮೈ ಕೊಡವುತ್ತದೆ. ಮೀನನ್ನು ತಲೆ ಮುಂದಾಗಿ, ತನ್ನ ಮೈಯ ಉದ್ದಕ್ಕೇ ಹಿಡಿದು ಒಯ್ಯುತ್ತದೆ. ಕೆಳಭಾಗ ಬಿಳಿ, ಕಣ್ಣಿನ ಮೇಲೆ ಹಾದುಹೋಗುವ ಕಪ್ಪು ಪಟ್ಟಿ. ಗರುಡ ಹೀಗೆ ಮಾಡುವುದಿಲ್ಲ. ಅದು ಮೇಲಿಂದ ಜಾರಿಬಂದು ನೀರಿನ ಮೇಲ್ಮೈಯಿಂದ ಎತ್ತಿಕೊಂಡು ಹೋಗುತ್ತದೆ, ಮೈ ನೆನೆಯುವುದಿಲ್ಲ. ಬೆಳೆದ ಗರುಡನ ಬಿಳಿ ತಲೆ, ಇಟ್ಟಿಗೆ ಕೆಂಪು ಮೈ ಎಲ್ಲರಿಗೂ ಗೊತ್ತು. ಮೋಸ ಮಾಡುವುದು ಕಂದು ಬಣ್ಣದ ಎಳೆಯ ಗರುಡ. ನೆನೆಯಿತಾ ಇಲ್ಲವಾ ಅನ್ನುವುದೇ ಇಲ್ಲಿ ಒಳ್ಳೆಯ ಗುರುತು.

ಕೊಕ್ಕು ಮೊದಲು ತಾಗಿದರೆ ಮಿಂಚುಳ್ಳಿ ಅಥವಾ ರೀವ. ಕಪ್ಪು ಬಿಳಿ ಮಿಂಚುಳ್ಳಿ ನೀರಿನ ಮೇಲೆ ಒಂದೇ ಜಾಗದಲ್ಲಿ ರೆಕ್ಕೆ ಬಡಿಯುತ್ತಾ ನಿಂತು, ಕೊಕ್ಕು ಕೆಳಗೆ ಮಾಡಿ ಕಲ್ಲಿನ ಹಾಗೆ ಬೀಳುತ್ತದೆ. ಎದೆಯ ಮೇಲೆ ಎರಡು ಕಪ್ಪು ಪಟ್ಟಿ ಇದ್ದರೆ ಗಂಡು, ಒಂದೇ ಪಟ್ಟಿ ಇದ್ದು ಅದೂ ನಡುವೆ ತುಂಡಾಗಿದ್ದರೆ ಹೆಣ್ಣು. ಪುಟ್ಟ ನೀಲಿ ಮಿಂಚುಳ್ಳಿ ಗುಬ್ಬಿಗಿಂತ ತುಸು ದೊಡ್ಡದು. ಹೆಚ್ಚಾಗಿ ನೀರಿನ ಹತ್ತಿರದ ಕೊಂಬೆಯಿಂದ ಬಾಣದ ಹಾಗೆ ಹೋಗಿ, ಮರಳಿ ಕೊಂಬೆಗೇ ಬಂದು ಮೀನನ್ನು ಬಡಿದು ನುಂಗುತ್ತದೆ. ಕೆಳಕೊಕ್ಕು ಕೆಂಪಗಿದ್ದರೆ ಹೆಣ್ಣು. ತಂತಿಯ ಮೇಲೆ ಕೂರುವ ಬಿಳಿ ಎದೆಯ ಮಿಂಚುಳ್ಳಿಯನ್ನು ಎಲ್ಲರೂ ನೋಡಿರುತ್ತಾರೆ. ಅದಕ್ಕೆ ಓತಿ, ಹುಳ, ಏಡಿಯೇ ಜಾಸ್ತಿ. ನೀರಿಗೆ ಧುಮುಕಿದ್ದನ್ನು ಕಂಡಿದ್ದರೆ ಅದೇ ಅಂತ ಮೊದಲೇ ನಿರ್ಧರಿಸಬೇಡಿ.

ರೀವಗಳದು ಉದ್ದನೆಯ ಚೂಪು ರೆಕ್ಕೆ, ಬಿಳಿ ಬೂದು ಮೈ. ನದಿ ರೀವದ ಕೊಕ್ಕು ಹಳದಿ, ಬಾಲ ಆಳವಾಗಿ ಕವಲೊಡೆದಿರುತ್ತದೆ, ಧುಮುಕಿದರೆ ಪೂರ್ತಿ ಧುಮುಕುತ್ತದೆ. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಇವು ಗುಂಪಾಗಿ ಮೊಟ್ಟೆ ಇಡುತ್ತವೆ. ಚಳಿಗಾಲಕ್ಕೆ ಬರುವ ಮೀಸೆ ರೀವ ಬೇರೆ ಥರ. ನೀರಿನ ಮೇಲೆ ತೇಲುತ್ತಾ ಹಾರಿ, ಬಗ್ಗಿ ಕೊಕ್ಕಿನಿಂದ ಹೆಕ್ಕಿ ಮೇಲೇಳುತ್ತದೆ, ಪೂರ್ತಿ ಮುಳುಗುವುದು ಕಡಿಮೆ. ದೂರದಿಂದ ಕಪ್ಪು ಬಿಳಿ ಮಿಂಚುಳ್ಳಿಗೂ ರೀವಕ್ಕೂ ಗೊಂದಲ ಆದರೆ ತಲೆ ನೋಡಿ. ಮಿಂಚುಳ್ಳಿಯದು ಮೈಗೆ ಹೋಲಿಸಿದರೆ ದೊಡ್ಡ ತಲೆ, ಬಾಲ ಕವಲಿಲ್ಲ.

## ಹಂತ 6: ಗಾತ್ರವನ್ನು ಪಕ್ಕದ ಹಕ್ಕಿಗೆ ಹೋಲಿಸಿ

ಅಡಿ, ಇಂಚು ಬೇಡ. ನೀರಿನ ಮೇಲೆ ದೂರ ಅಂದಾಜಾಗುವುದಿಲ್ಲ, ಹಾಗಾಗಿ ಗಾತ್ರವೂ ಅಂದಾಜಾಗುವುದಿಲ್ಲ. ಅದೇ ಕೆರೆಯಲ್ಲಿ ಹತ್ತಿರವೇ ಇರುವ ಗೊತ್ತಿರುವ ಹಕ್ಕಿಯ ಪಕ್ಕ ಇಟ್ಟು ನೋಡಿ. "ಬೆಳ್ಳಕ್ಕಿಗಿಂತ ಚಿಕ್ಕದು", "ನಾಮದ ಕೋಳಿಯಷ್ಟೇ" ಅಂತ ಬರೆದುಕೊಂಡರೆ ಸಾಕು.

ಮನಸ್ಸಿನಲ್ಲಿ ಇಟ್ಟುಕೊಳ್ಳಬಹುದಾದ ಅಳತೆ ಇದು, ಕೊಕ್ಕಿನಿಂದ ಬಾಲದವರೆಗೆ. ಗುಬ್ಬಿ 15 ಸೆಂಟಿಮೀಟರ್, ಗೊರವಂಕ 23ರಿಂದ 25, ಕಾಗೆ 40. ಗುಳುಮುಳುಕ 25ರಿಂದ 29, ನಾಮದ ಕೋಳಿ 36ರಿಂದ 38, ಚಿಕ್ಕ ನೀರುಕಾಗೆ 50ರ ಆಸುಪಾಸು, ಹಾವಕ್ಕಿ 85ಕ್ಕೂ ಹೆಚ್ಚು.

## ಹಂತ 7: ಮೂರು ನೀರುಕಾಗೆಗಳನ್ನು ಬಿಡಿಸುವುದು

ಇಲ್ಲಿಯವರೆಗೆ ಸರಿಯಾಗಿ ಬಂದವರೂ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ನಮ್ಮ ಕೆರೆಗಳಲ್ಲಿ ನೀರುಕಾಗೆ ಒಂದಲ್ಲ, ಮೂರು. ಎಷ್ಟೋ ಸಲ ಒಂದೇ ಮರದ ಮೇಲೆ ಮೂರೂ ಇರುತ್ತವೆ. ಆಗ ಸುಲಭ, ಗಾತ್ರ ಎದ್ದು ಕಾಣುತ್ತದೆ. ಒಂಟಿಯಾಗಿ ಸಿಕ್ಕಾಗಲೇ ಕಷ್ಟ. ನೋಡಬೇಕಾದ ಕ್ರಮ: ಕೊಕ್ಕು, ತಲೆಯ ಆಕಾರ, ಕಣ್ಣು, ಆಮೇಲೆ ಬೆನ್ನು.

ಚಿಕ್ಕ ನೀರುಕಾಗೆಯ ಕೊಕ್ಕು ಗಿಡ್ಡ, ದಪ್ಪ. ಹಣೆ ಕಡಿದಾಗಿ ಏಳುತ್ತದೆ, ತಲೆ ಚೌಕಾಕಾರ ಅನ್ನಿಸುತ್ತದೆ. ಕುತ್ತಿಗೆಯೂ ಗಿಡ್ಡ. ಊರೊಳಗಿನ ಚಿಕ್ಕ ಕೆರೆ, ಹೊಂಡಗಳಲ್ಲಿ ಕಾಣುವುದು ಹೆಚ್ಚಾಗಿ ಇದೇ.

ಎರಡನೆಯದು ಇಂಡಿಯನ್ ಕಾರ್ಮೊರಂಟ್, ಸುಮಾರು 63 ಸೆಂಟಿಮೀಟರ್. ಕೊಕ್ಕು ಉದ್ದ, ತೆಳ್ಳಗೆ. ಹಣೆ ಕಡಿದಾಗಿ ಏಳದೆ ಕೊಕ್ಕಿನಿಂದ ತಲೆಗೆ ಇಳಿಜಾರಾಗಿ ಹೋಗುತ್ತದೆ. ಒಳ್ಳೆಯ ಬೆಳಕಿನಲ್ಲಿ ಕಣ್ಣು ನೀಲಿ ಹಸಿರು. ಈ ಕಣ್ಣು ಒಮ್ಮೆ ಕಂಡರೆ ಮತ್ತೆ ಯಾರನ್ನೂ ಕೇಳಬೇಕಾಗಿಲ್ಲ, ಅಷ್ಟು ಚೆಂದದ ಕಣ್ಣು. ಬೆನ್ನಿನ ಗರಿಗಳು ಮೀನಿನ ಹುರುಪೆಯ ಹಾಗೆ ಅಂಚು ಕಟ್ಟಿದಂತೆ ಕಾಣುತ್ತವೆ. ಇವು ಗುಂಪು ಕಟ್ಟಿಕೊಂಡು ಮೀನು ಹಿಡಿಯುವುದೂ ಉಂಟು.

ದೊಡ್ಡ ನೀರುಕಾಗೆ 80 ಸೆಂಟಿಮೀಟರಿಗೂ ಮೇಲೆ, ಭಾರಿ ಮೈ. ಕೊಕ್ಕಿನ ಬುಡದಲ್ಲಿ ಹಳದಿ ಚರ್ಮ, ಅದರ ಹಿಂದೆ ಗಂಟಲಲ್ಲಿ ಬಿಳಿ. ಮರಿ ಮಾಡುವ ಕಾಲದಲ್ಲಿ ತೊಡೆಯ ಹತ್ತಿರ ಒಂದು ಬಿಳಿ ಮಚ್ಚೆ ಬರುತ್ತದೆ, ಹಾರುವಾಗಲೂ ಕಾಣುತ್ತದೆ.

ಇಲ್ಲಿ ಜನ ಮಾಡುವ ತಪ್ಪು ಗಂಟಲಿನ ಬಿಳಿ ನೋಡಿ "ದೊಡ್ಡ ನೀರುಕಾಗೆ" ಅನ್ನುವುದು. ಮರಿ ಮಾಡದ ಕಾಲದಲ್ಲಿ ಚಿಕ್ಕದರ ಗಂಟಲೂ ಬೆಳ್ಳಗಾಗುತ್ತದೆ. ಕೊಕ್ಕನ್ನು ಮೊದಲು ನೋಡಿ ಅನ್ನುವುದು ಅದಕ್ಕೇ. ಕೊಕ್ಕು ಕಾಣಲೇ ಇಲ್ಲವಾದರೆ "ನೀರುಕಾಗೆ, ಯಾವುದೆಂದು ತಿಳಿಯಲಿಲ್ಲ" ಅಂತ ಬರೆಯಿರಿ. ಅದು ಸರಿಯಾದ ಉತ್ತರವೇ.

## ಹಂತ 8: ಈಗ ಬಣ್ಣ, ತಿಂಗಳ ಜೊತೆಗೆ

ಬಣ್ಣ ನೋಡುವಾಗ ಕ್ಯಾಲೆಂಡರ್ ಪಕ್ಕದಲ್ಲಿರಲಿ. ಗುಳುಮುಳುಕವನ್ನೇ ತೆಗೆದುಕೊಳ್ಳಿ. ಮರಿ ಮಾಡುವ ಕಾಲದಲ್ಲಿ ಕೆನ್ನೆ, ಕುತ್ತಿಗೆ ಕಾವಿ ಕೆಂಪು, ಬಾಯಿಯ ಮೂಲೆಯಲ್ಲಿ ತಿಳಿ ಹಳದಿ ಬೊಟ್ಟು. ಉಳಿದ ಕಾಲದಲ್ಲಿ ಅದೇ ಹಕ್ಕಿ ಮಂಕು ಕಂದು. ಎರಡು ಬೇರೆ ಬೇರೆ ಹಕ್ಕಿ ಅಂತ ಬರೆದುಕೊಂಡವರು ಬಹಳ ಮಂದಿ.

ಆಸ್ಪ್ರೆ, ಪೋಚಾರ್ಡ್, ಮೀಸೆ ರೀವ ಮುಖ್ಯವಾಗಿ ಚಳಿಗಾಲದ ಅತಿಥಿಗಳು. ಜೂನ್ ತಿಂಗಳಲ್ಲಿ ಪೋಚಾರ್ಡ್ ಕಂಡೆ ಅನ್ನಿಸಿದರೆ ಹಂತ 3ಕ್ಕೆ ವಾಪಸ್ ಹೋಗಿ ಮತ್ತೆ ಶುರು ಮಾಡಿ.

## ಹಂತ 9: ಮೊದಲು ಬರೆಯಿರಿ, ಆಮೇಲೆ ಆ್ಯಪ್

ಹಕ್ಕಿ ಕಂಡ ಕೂಡಲೇ ಮೊಬೈಲ್ ತೆಗೆಯುವುದು ಈಗ ಎಲ್ಲರ ಅಭ್ಯಾಸ, ಅಲ್ವಾ? ಫೋಟೋ ಬೇಡ ಅಂತಲ್ಲ. ಆದರೆ ಮೊದಲ ಎರಡು ಮುಳುಗು ಬರಿಗಣ್ಣಿಗೆ ಇರಲಿ. ಮೂರನೆಯದಕ್ಕೆ ಮೊಬೈಲ್ ತೆಗೆಯಿರಿ, ಅದೂ ವಿಡಿಯೋ. ಮುಳುಗುವ ಹಕ್ಕಿಗೆ ಫೋಟೋಗಿಂತ ಅರ್ಧ ನಿಮಿಷದ ವಿಡಿಯೋ ಹೆಚ್ಚು ಉಪಯೋಗ. ದೂರ ಇದ್ದರೂ ಮುಳುಗುವ ರೀತಿ, ಹೊತ್ತು, ಎದ್ದ ಜಾಗ ಮೂರೂ ಅದರಲ್ಲಿ ಉಳಿಯುತ್ತವೆ. ಪೂರ್ತಿ ಝೂಮ್ ಮಾಡಬೇಡಿ, ಹಕ್ಕಿ ಚೌಕಟ್ಟಿನ ಹೊರಗೆ ಏಳುತ್ತದೆ.

ಪುಸ್ತಕದಲ್ಲಿ ಬರೆಯಬೇಕಾದದ್ದು ಇಷ್ಟೇ ಉದ್ದ:

"ಬೆಳಿಗ್ಗೆ 7:10. ಕೆರೆ ನಡುವೆ, ಒಂಟಿ. ತೇಲುತ್ತಿದ್ದದ್ದು ಮುಳುಗಿತು. 18 ಎಣಿಸುವಷ್ಟು ಹೊತ್ತು ಒಳಗೆ. ಎಡಕ್ಕೆ ಕಳೆಯ ಪಕ್ಕ ಎದ್ದಿತು. ನಾಮದ ಕೋಳಿಗಿಂತ ಚಿಕ್ಕದು, ದುಂಡು, ಬಾಲ ಇಲ್ಲ. ಕೊಕ್ಕು ಗಿಡ್ಡ ಚೂಪು. ಕುತ್ತಿಗೆ ಕೆಂಪು ಇದ್ದಿರಬಹುದು."

ಇದನ್ನು ಓದಿದವರು ಫೋಟೋ ಇಲ್ಲದೆಯೇ ಗುಳುಮುಳುಕ ಅಂತ ಹೇಳಿಬಿಡುತ್ತಾರೆ. "ಇದ್ದಿರಬಹುದು" ಅನ್ನುವ ಮಾತನ್ನು ಗಮನಿಸಿ. ಖಚಿತ ಅಲ್ಲದ್ದನ್ನು ಹಾಗೆಯೇ ಬರೆಯಬೇಕು.

ಇಷ್ಟಾದ ಮೇಲೆ ಮರ್ಲಿನ್ ಆ್ಯಪ್ ತೆರೆಯಿರಿ. ಅದು ಜಾಗ, ದಿನ, ಗಾತ್ರ, ಬಣ್ಣ, ಹಕ್ಕಿ ಏನು ಮಾಡುತ್ತಿತ್ತು ಅಂತ ಕೇಳಿ ಒಂದು ಪಟ್ಟಿ ಕೊಡುತ್ತದೆ. ನಮ್ಮ ಭಾಗದ ಪ್ಯಾಕ್ ಮನೆಯಲ್ಲೇ ಇಳಿಸಿಕೊಂಡಿದ್ದರೆ ಕೆರೆಯ ಹತ್ತಿರ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಪಟ್ಟಿಯ ಮೊದಲ ಹೆಸರನ್ನೇ ಒಪ್ಪಿಕೊಂಡು ಮುಚ್ಚಬೇಡಿ. ನಿಮ್ಮ ಟಿಪ್ಪಣಿಯ ಜೊತೆ ಒಂದೊಂದನ್ನೂ ತಾಳೆ ನೋಡಿ. ಮಸುಕು ಫೋಟೋ ಕೊಟ್ಟರೂ ಆ್ಯಪ್ ಒಂದು ಹೆಸರು ಹೇಳಿಬಿಡಬಹುದು. ಹಕ್ಕಿಯನ್ನು ಕಣ್ಣಾರೆ ಕಂಡವರು ನೀವು, ಅದಲ್ಲ.

## ದಾರಿ ತಪ್ಪಿದೆ ಅನ್ನುವುದಕ್ಕೆ ಸೂಚನೆಗಳು

ನೀವು ಹೇಳಿದ ಹಕ್ಕಿ ಒಣಭೂಮಿಯದಾದರೆ, ಅಥವಾ ನಮ್ಮ ರಾಜ್ಯದಲ್ಲಿ ಕಾಣುವುದೇ ಅಪರೂಪ ಅಂತ ಆ್ಯಪ್ ತೋರಿಸಿದರೆ, ಮೊದಲು ನಿಮ್ಮ ನೋಟವನ್ನು ಅನುಮಾನಿಸಿ. ಅಪರೂಪದ ಹಕ್ಕಿ ಬರುವುದಿಲ್ಲ ಅಂತಲ್ಲ. ಆದರೆ ವಿಚಿತ್ರವಾಗಿ ಕಂಡ ಮಾಮೂಲಿ ಹಕ್ಕಿಯೇ ನೂರಕ್ಕೆ ತೊಂಬತ್ತು ಸಲ.

ಒಂದೇ ಹಕ್ಕಿ ಅಂದುಕೊಂಡದ್ದು ತೀರಾ ಬೇಗ ಬೇಗ, ತೀರಾ ದೂರ ದೂರ ಏಳುತ್ತಿದ್ದರೆ ಅವು ಎರಡು ಮೂರು ಇರಬೇಕು. ಒಂದು ನಿಮಿಷ ಎಣಿಸುವುದು ಬಿಟ್ಟು, ನೀರಿನ ಮೇಲೆ ಒಟ್ಟಿಗೆ ಎಷ್ಟು ಕಾಣುತ್ತವೆ ಅಂತ ಮಾತ್ರ ನೋಡಿ.

ಹೆಸರಿಗೆ ಹೊಂದದ ಒಂದು ಗುರುತನ್ನು "ಬೆಳಕಿಗೆ ಹಾಗೆ ಕಂಡಿರಬೇಕು" ಅಂತ ತಳ್ಳಿಹಾಕಲು ಮನಸ್ಸು ಬಂದರೆ, ಅಲ್ಲೇ ನಿಲ್ಲಿ. ಬಣ್ಣವನ್ನು ತಳ್ಳಿಹಾಕಬಹುದು. ಕೊಕ್ಕಿನ ಆಕಾರವನ್ನು, ಮುಳುಗಿದ ರೀತಿಯನ್ನು ತಳ್ಳಿಹಾಕುವ ಹಾಗಿಲ್ಲ.

## ಹಕ್ಕಿಗೆ, ನಿಮಗೆ ತೊಂದರೆ ಆಗುವ ಸೂಚನೆಗಳು

ಹಕ್ಕಿ ಮುಳುಗಿ ಎದ್ದ ಜಾಗದಲ್ಲೇ ಒದ್ದಾಡುತ್ತಿದ್ದರೆ, ರೆಕ್ಕೆ ಎತ್ತಲು ಆಗದಿದ್ದರೆ, ಮೀನಿನ ಬಲೆಗೆ ಸಿಕ್ಕಿರಬಹುದು. ನೀವು ನೀರಿಗೆ ಇಳಿಯಬೇಡಿ. ಕೆರೆಯ ಅಡಿ ಹೂಳು, ಮೇಲೆ ಕಳೆ, ಎರಡೂ ಕಾಲನ್ನು ಹಿಡಿಯುತ್ತವೆ. ಅದೇ ಬಲೆ ನಿಮ್ಮ ಕಾಲಿಗೂ ಸುತ್ತಿಕೊಳ್ಳುತ್ತದೆ. ಅಲ್ಲಿನ ಮೀನುಗಾರರನ್ನು ಕರೆಯಿರಿ, ಕೆರೆಯ ಕಾವಲುಗಾರರಿಗೆ ಅಥವಾ ಅರಣ್ಯ ಇಲಾಖೆಗೆ ತಿಳಿಸಿ. ಕಾವೇರಿ ಪಾತ್ರದಲ್ಲಿ, ಹಿನ್ನೀರಿನಲ್ಲಿ ಮೊಸಳೆಗಳಿವೆ. ಅಲ್ಲಿ ನೀರಿನ ಅಂಚಿಗೂ ಹೋಗಬೇಡಿ.

ನದಿ ರೀವಗಳು ತಲೆಯ ಮೇಲೆ ಕೂಗುತ್ತಾ ಎರಗಿ ಬಂದರೆ, ಹತ್ತಿರದಲ್ಲೇ ನೆಲದ ಮೇಲೆ ಮೊಟ್ಟೆ ಇರುತ್ತವೆ. ಬಂದ ಹೆಜ್ಜೆಯಲ್ಲೇ ಹಿಂದಿರುಗಿ. ನೀರುಕಾಗೆ, ಹಾವಕ್ಕಿ ಗೂಡು ಕಟ್ಟಿದ ಮರದ ಕೆಳಗೆ ನಿಲ್ಲಬೇಡಿ. ದೊಡ್ಡವು ಹಾರಿಹೋದರೆ ಮರಿಗಳು ಬಿಸಿಲಿಗೆ ಬೀಳುತ್ತವೆ, ಕಾಗೆ, ಹದ್ದು ಕಾದೇ ಇರುತ್ತವೆ.

ಗುಳುಮುಳುಕದ ಸೂಚನೆ ಮಾತ್ರ ತೀರಾ ಮೆತ್ತಗಿರುತ್ತದೆ, ಗೊತ್ತಿಲ್ಲದವರಿಗೆ ಕಾಣುವುದೇ ಇಲ್ಲ. ಇದರ ಗೂಡು ನೀರಿನ ಮೇಲೆ ತೇಲುವ ಕಳೆಯ ಕುಪ್ಪೆ. ನೀವು ತೀರಾ ಹತ್ತಿರ ಬಂದಿರಿ ಅನ್ನಿಸಿದರೆ ಹಕ್ಕಿ ಗಡಿಬಿಡಿಯಲ್ಲಿ ಕೊಕ್ಕಿನಿಂದ ಕಳೆ ಎಳೆದು ಮೊಟ್ಟೆಗಳ ಮೇಲೆ ಹೊದಿಸಿ, ಸದ್ದಿಲ್ಲದೆ ನೀರಿಗೆ ಜಾರಿ ಮುಳುಗಿಬಿಡುತ್ತದೆ. ಆ ಮೇಲೆ ಅಲ್ಲಿ ಬರೀ ಕೊಳೆತ ಕಳೆ ಇದ್ದ ಹಾಗೆ ಕಾಣುತ್ತದೆ. ಆ ಗಡಿಬಿಡಿ ಕಂಡ ಕೂಡಲೇ ಹಿಂದೆ ಸರಿಯಿರಿ. ಅದು ಮರಳಿ ಬಂದು ಹೊದಿಕೆ ತೆಗೆದು ಕಾವಿಗೆ ಕೂರುವುದನ್ನು ದೂರದಿಂದ ಬೈನಾಕ್ಯುಲರಿನಲ್ಲಿ ನೋಡಬಹುದು. ಕಾವು ಸುಮಾರು ಮೂರು ವಾರ. ಆ ಲೆಕ್ಕ ಹಿಡಿದು ಮತ್ತೆ ಹೋದರೆ, ತಲೆಯ ಮೇಲೆ ಪಟ್ಟೆ ಪಟ್ಟೆ ಇರುವ ಪುಟ್ಟ ಮರಿಗಳು ದೊಡ್ಡದರ ಬೆನ್ನಿನ ಗರಿಯೊಳಗಿಂದ ಇಣುಕುತ್ತಿರುವುದು ಕಾಣಬಹುದು.